ಅಜ್ಜಿಯ ಬೇರು, ಡಫರಿನ್ ರಸ್ತೆಯ ಕುದುರೆ

ಚರಿತ್ರೆಯ ವಿಷಯವಾಗಿ ಏನಾದರೂ ಬರೆದುಕೊಡಿ ಎಂದು ಸಂಪಾದಕರು ದೂರವಾಣಿಯಲ್ಲಿ ಕೇಳಿದಾಗ, ಹೊಯ್ಸಳರ ಮೇಲೋ ವಿಜಯನಗರದ ಮೇಲೋ ಬರೆಯುವಷ್ಟು ಓದಿದವಳು ನಾನಲ್ಲ ಎಂದೆ. “ನಿಮಗೆ ತಿಳಿದದ್ದನ್ನೇ ಬರೆಯಿರಿ” ಎಂದರು. ನನಗೆ ತಿಳಿದದ್ದು ಅಡಿಗೆಮನೆ. ಅದರಲ್ಲೂ ನಾವು ಹೆಂಗಸರು ನಾಲ್ಕು ಜನರ ಮುಂದೆ ಆಡದ ಮಾತು: ಮುಟ್ಟು, ಬಾಣಂತನ, ಮುಟ್ಟು ನಿಲ್ಲುವ ಕಾಲ. ಅದಕ್ಕೂ ಒಂದು ಚರಿತ್ರೆ ಇದೆ. ಗಂಡಸರು ಪುಟ ಮಗುಚಬೇಕಾಗಿಲ್ಲ. ಅವರ ಮನೆಯಲ್ಲೂ ಹೆಂಗಸರಿದ್ದಾರೆ.

ಬರೆಯಲು ಕಾರಣ ಒಂದು ಪೊಟ್ಟಣ. ನನ್ನ ಮಗಳಿಗೆ ಹತ್ತೊಂಬತ್ತು ತುಂಬಿದ ವರ್ಷ ಅವಳ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರತೊಡಗಿತು. ಸುದ್ದಿ ತಿಳಿದ ಅಮ್ಮ ಊರಿನಿಂದ ಬರುವವರ ಕೈಯಲ್ಲಿ ಒಂದು ಪುಡಿ ಕಳಿಸಿದರು. ಅದರ ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ನಾಲ್ಕು ತಿಂಗಳು ಹಾಲಿನಲ್ಲಿ ಕದಡಿ ಕೊಟ್ಟೆ. ಕೊನೆಗೆ ಇಲ್ಲಿಯ ವೈದ್ಯೆಯ ಬಳಿ ಹೋದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಅದರಲ್ಲಿ ಏನಿದೆ?” ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಫೋನು ಮಾಡಿದೆ. “ಬೇರು ನಾರು ಕಣೇ, ಕೆಟ್ಟದ್ದೇನಿರುತ್ತೆ?” ಎಂದರು. ಅವರಿಗೂ ಗೊತ್ತಿರಲಿಲ್ಲ. ಆ ದಿನ ನನಗಾದ ನಾಚಿಕೆಯೇ ಈ ಲೇಖನದ ಮೂಲ.

ಮೊದಲು ನಮ್ಮ ಕಡೆಯ ಚರಿತ್ರೆ. ಕನ್ನಡದಲ್ಲಿ ವೈದ್ಯಗ್ರಂಥಗಳಿಗೆ ಬರವಿಲ್ಲ. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಕ್ಕೆ ತಂದ. ಮದ್ಯ ಮಾಂಸಗಳಿಲ್ಲದ ಚಿಕಿತ್ಸೆ ಅದರ ವೈಶಿಷ್ಟ್ಯ. ಸುಮಾರು 1360ರಲ್ಲಿ ಮಂಗರಾಜನು ವಿಷ ಮತ್ತು ಅದರ ಪರಿಹಾರದ ಮೇಲೆಯೇ ‘ಖಗೇಂದ್ರಮಣಿದರ್ಪಣ’ವೆಂಬ ಪದ್ಯಗ್ರಂಥ ಬರೆದ. ಮೈಸೂರಿನಲ್ಲಿ 1908ರಲ್ಲಿ ಸರ್ಕಾರವೇ ಆಯುರ್ವೇದ ಕಾಲೇಜು ತೆರೆಯಿತು.

ಆದರೆ ಹೆಂಗಸರ ಮದ್ದು ಪುಸ್ತಕದಿಂದ ಬಂದದ್ದಕ್ಕಿಂತ ಹಿತ್ತಲಿನಿಂದ ಬಂದದ್ದೇ ಹೆಚ್ಚು. ಶತಾವರಿಗೆ ನಮ್ಮವರು ಇಟ್ಟ ಹೆಸರು ನೋಡಿ: ಹಲವು ಮಕ್ಕಳ ತಾಯಿ ಬೇರು! ಅತಿಸ್ರಾವಕ್ಕೆ ಅಶೋಕದ ತೊಗಟೆ. ಹಳಗನ್ನಡದಲ್ಲಿ ಅದು ಅಸುಗೆ. ಬಾಣಂತಿಗೆ ಅಂಟಿನ ಉಂಡೆ, ಮೆಂತ್ಯ, ಲೇಹ್ಯ. ಇವುಗಳ ಜೊತೆಗೆ ಇನ್ನೊಂದು ಸಾಮಾನು ಇತ್ತು, ಅದನ್ನು ನಾವು ಮದ್ದೆಂದು ಎಣಿಸಲೇ ಇಲ್ಲ. ಬಾಣಂತಿಗೆ ತವರಿನಲ್ಲಿ ಮೂರು ತಿಂಗಳ ವಿಶ್ರಾಂತಿ, ಎಣ್ಣೆ ನೀರು, ಹೊತ್ತಿಗೆ ಸರಿಯಾಗಿ ಊಟ, ಕತ್ತಲಾದರೆ ನಿದ್ರೆ. ಉಳಿದ ದಿನ ಬಾವಿಯ ನೀರು, ಒನಕೆ, ಗದ್ದೆಯ ನಡಿಗೆ. ಅದೆಲ್ಲ ಸುಖವಾಗಿತ್ತೆಂದು ನಾನು ಹೇಳಲಾರೆ. ದುಡಿದು ದುಡಿದು ರಕ್ತಹೀನರಾದವರು ಎಷ್ಟೋ ಮಂದಿ, ಹೆರಿಗೆಯಲ್ಲಿ ತೀರಿಕೊಂಡವರು ಎಷ್ಟೋ ಮಂದಿ. ಆದರೂ ಬೇರಿನ ಗುಣವೆಷ್ಟು, ದಿನಚರಿಯ ಗುಣವೆಷ್ಟು ಎಂದು ಆಗ ಯಾರೂ ಬೇರೆ ಮಾಡಿ ನೋಡಲಿಲ್ಲ.

ಇನ್ನು ನಾವು ಬಂದು ನೆಲಸಿದ ಊರಿನ ಕಡೆ ತಿರುಗೋಣ. ಫಿಂಚ್ ನಿಲ್ದಾಣದಿಂದ ಸ್ಟೀಲ್ಸ್ ಬಸ್ಸು ಹಿಡಿದು ಪಶ್ಚಿಮಕ್ಕೆ ಹೋದರೆ, ಡಫರಿನ್ ರಸ್ತೆ ಕೂಡುವಲ್ಲಿ ಔಷಧ ಕಂಪನಿಯ ದೊಡ್ಡ ಆವರಣ ಸಿಗುತ್ತದೆ. ಅಲ್ಲಿ 1917ರಲ್ಲಿ ಟೊರಾಂಟೋ ವಿಶ್ವವಿದ್ಯಾಲಯದ ಕನಾಟ್ ಪ್ರಯೋಗಶಾಲೆಯ ಕುದುರೆ ಲಾಯಗಳಿದ್ದವು. ಗಂಟಲಮಾರಿಗೆ ಮದ್ದನ್ನು ಆ ಕುದುರೆಗಳ ರಕ್ತದಿಂದ ತೆಗೆಯುತ್ತಿದ್ದರು. ಮುಂದೆ ಇನ್ಸುಲಿನ್ ತಯಾರಿಸಿದ್ದೂ ಇದೇ ಕನಾಟ್ ಸಂಸ್ಥೆಯೇ. 1922ರ ಜನವರಿ 11ರಂದು ಟೊರಾಂಟೋ ಜನರಲ್ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಚುಚ್ಚುಮದ್ದು ಫಲಿಸಲಿಲ್ಲ. ಒಂಟಾರಿಯೋದ ಬೆಲ್‌ವಿಲ್‌ನಲ್ಲಿ ಹುಟ್ಟಿದ ಜೇಮ್ಸ್ ಕಾಲಿಪ್ ಆ ರಸವನ್ನು ಶುದ್ಧಿ ಮಾಡಿದ. 23ರಂದು ಕೊಟ್ಟದ್ದು ಫಲಿಸಿತು.

ಈ ಕಾಲಿಪ್ ಹೆಂಗಸರ ಚರಿತ್ರೆಗೂ ಸೇರಿದವನು. ಮುಂದೆ ಮಾಂಟ್ರಿಯಲ್‌ನ ಮಗಿಲ್ ವಿಶ್ವವಿದ್ಯಾಲಯಕ್ಕೆ ಹೋಗಿ, ಮಾಸಿನಿಂದ ಒಂದು ಸ್ತ್ರೀ ಹಾರ್ಮೋನನ್ನು ತೆಗೆದು, ಬಾಯಿಂದ ನುಂಗಿದರೂ ಕೆಲಸ ಮಾಡುವ ಆ ಮದ್ದಿಗೆ ‘ಎಮೆನಿನ್’ ಎಂದು ಹೆಸರಿಟ್ಟ. ಅದನ್ನು ಮಾರಿದ ಏಯರ್ಸ್ಟ್ ಕಂಪನಿಯೇ ಅಗ್ಗದ ಮೂಲ ಹುಡುಕುತ್ತಾ ಗಬ್ಬದ ಕುದುರೆಯ ಮೂತ್ರಕ್ಕೆ ಬಂತು. 1941ರಲ್ಲಿ ಕೆನಡದಲ್ಲಿ, 1942ರಲ್ಲಿ ಅಮೆರಿಕದಲ್ಲಿ ‘ಪ್ರೆಮರಿನ್’ ಮಾತ್ರೆ ಮಾರಾಟಕ್ಕೆ ಬಂತು. ಗರ್ಭಿಣಿ, ಕುದುರೆ, ಮೂತ್ರ ಎಂಬ ಮೂರು ಇಂಗ್ಲಿಷ್ ಮಾತುಗಳ ತುಂಡು ಜೋಡಿಸಿದ ಹೆಸರು ಅದು. ಮುಟ್ಟು ನಿಲ್ಲುವಾಗ ಮೈ ಬಿಸಿಯೇರಿ ಬೆವರಿ ನಿದ್ದೆಗೆಡುವ ಲಕ್ಷಾಂತರ ಹೆಂಗಸರು ಅದನ್ನು ನುಂಗಿದರು. ಪ್ರಕೃತಿಯಿಂದ ಬಂದದ್ದೇ ಒಳ್ಳೆಯದೆನ್ನುವುದಾದರೆ ಕುದುರೆಯ ಮೂತ್ರಕ್ಕಿಂತ ಪ್ರಾಕೃತಿಕವಾದದ್ದು ಯಾವುದಿದೆ, ಹೇಳಿ!

ಗಿಡಮೂಲಿಕೆಯ ವ್ಯಾಪಾರವೂ ಈ ನೆಲಕ್ಕೆ ಹೊಸದಲ್ಲ. ಅಮೆರಿಕದ ಲಿನ್ ಊರಿನ ಲಿಡಿಯಾ ಪಿಂಕ್ಯಮ್ ಎಂಬಾಕೆ 1875ರಲ್ಲಿ ಹೆಂಗಸರ ಕಾಯಿಲೆಗೆಂದು ಬೇರುಗಳ ಕಷಾಯ ಮಾರತೊಡಗಿದರು. ಶೀಶೆಯಲ್ಲಿ ಬೇರಿನ ಸಾರದ ಜೊತೆಗೆ ನೂರಕ್ಕೆ ಸುಮಾರು 18 ಪಾಲು ಮದ್ಯಸಾರ. ಮದ್ಯ ಬೇಡವೆಂದ ಜಗದ್ದಳ ಸೋಮನಾಥ ಏನೆನ್ನುತ್ತಿದ್ದನೋ!

ಮಾತ್ರೆಗೂ ಲೆಕ್ಕ ಒಪ್ಪಿಸುವ ಕಾಲ ಬಂತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ, ಹಾರ್ಮೋನು ನುಂಗಿದರೆ ಹೆಣ್ಣು ಎಂದೆಂದಿಗೂ ಹೆಣ್ಣಾಗಿರುತ್ತಾಳೆಂದು ಪುಸ್ತಕವನ್ನೇ ಬರೆದ. 1975ರಲ್ಲಿ, ಈಸ್ಟ್ರೊಜೆನ್ ಒಂದನ್ನೇ ನುಂಗಿದವರಲ್ಲಿ ಗರ್ಭಕೋಶದ ಕ್ಯಾನ್ಸರು ಹೆಚ್ಚೆಂದು ತಿಳಿಯಿತು. 2002ರಲ್ಲಿ ಅಮೆರಿಕದಲ್ಲಿ 16,608 ಮಂದಿಯ ಮೇಲೆ ನಡೆಯುತ್ತಿದ್ದ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು. ಎರಡು ಹಾರ್ಮೋನು ಕೂಡಿಸಿ ನುಂಗಿದ ಪ್ರತಿ 10,000 ಮಂದಿಯಲ್ಲಿ ವರ್ಷಕ್ಕೆ 8 ಸ್ತನ ಕ್ಯಾನ್ಸರು, 8 ಪಾರ್ಶ್ವವಾಯು ಹೆಚ್ಚಿಗೆ ಕಂಡವು. ಸೊಂಟದ ಮೂಳೆ ಮುರಿತ 5 ಕಡಿಮೆಯಾಯಿತು. ಹೆದರಿದ ಹೆಂಗಸರು ಮಾತ್ರೆ ಬಿಟ್ಟು ಮತ್ತೆ ಬೇರು ನಾರಿಗೆ ತಿರುಗಿದರು. ಆ ಲೆಕ್ಕವನ್ನೇ ಮುಂದೆ ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ, ಅರವತ್ತರ ಒಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷವಾಗದವರಿಗೆ ಅಪಾಯ ಕಡಿಮೆಯೆಂದೂ ತಿಳಿಯಿತು. ಎಣಿಸಿ ನೋಡಿದ್ದರಿಂದಲೇ ತಪ್ಪು ಕಂಡಿತು. ಎಣಿಸಿ ನೋಡಿದ್ದರಿಂದಲೇ ಅತಿ ಭಯವೂ ತಪ್ಪಿತು.

ಬೇರು ನಾರನ್ನೂ ಹಾಗೆ ಎಣಿಸಿ ನೋಡಿದ್ದುಂಟು. ಧಾರವಾಡದ ಕಡೆಯವರ ಅಗಸಿ ಹಿಂಡಿ ನಮ್ಮ ಬಳಗಕ್ಕೆ ಪ್ರಿಯ. ಅಗಸೆ ಕೆನಡದ ಹುಲ್ಲುಗಾವಲು ಪ್ರಾಂತಗಳ ದೊಡ್ಡ ಬೆಳೆ. ಅದರಲ್ಲಿರುವ ಲಿಗ್ನಾನ್ ಎಂಬ ಪದಾರ್ಥ ಈಸ್ಟ್ರೊಜೆನ್ನಿನಂತೆ ಅತಿ ಮೃದುವಾಗಿ ವರ್ತಿಸುತ್ತದೆ. ಆದರೆ 188 ಹೆಂಗಸರಿಗೆ ಆರು ವಾರ ಕೊಟ್ಟು ನೋಡಿದ ಒಂದು ಪರೀಕ್ಷೆಯಲ್ಲಿ, ಅಗಸೆ ತಿಂದವರಿಗೂ ಬರಿಯ ಹುಸಿ ತಿನಿಸು ತಿಂದವರಿಗೂ ಮೈ ಬಿಸಿಯೇರುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಗಸಿ ಹಿಂಡಿ ಬಿಡಬೇಕೆಂದಲ್ಲ. ರೊಟ್ಟಿಗೆ ಅದು ಒಳ್ಳೆಯ ಜೊತೆ; ಆ ಉಪದ್ರವಕ್ಕೆ ಮದ್ದಲ್ಲ, ಅಷ್ಟೆ.

ಇನ್ನು ನನ್ನ ಮಗಳ ಸಂಗತಿ. ಅವಳಿಗಿದ್ದದ್ದು, ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು 1935ರಲ್ಲಿ ಗುರುತಿಸಿದ, ಈಗ ಪಿ.ಸಿ.ಓ.ಎಸ್. ಎಂದು ಕರೆಯುವ ತೊಂದರೆ. ಮುಟ್ಟು ಹಿಂದುಮುಂದಾಗುವುದು, ಮೊಡವೆ, ಮುಖದಲ್ಲಿ ಕೂದಲು ಅದರ ಲಕ್ಷಣ. ಇದರ ಹಿಂದೆ ಹಲವರಲ್ಲಿ ಇನ್ಸುಲಿನ್ ಇದೆಯೆಂಬುದು 1980ರಿಂದೀಚೆಗೆ ತಿಳಿದುಬಂತು. ಮೈ ಇನ್ಸುಲಿನ್ನಿಗೆ ಜಗ್ಗದಿದ್ದಾಗ ಅದು ರಕ್ತದಲ್ಲಿ ಏರುತ್ತದೆ. ಏರಿದಾಗ ಅಂಡಾಶಯವು ಗಂಡು ಹಾರ್ಮೋನನ್ನು ಹೆಚ್ಚಾಗಿ ಮಾಡುತ್ತದೆ. ನಮ್ಮ ದೇಶದವರಲ್ಲಿ ಮೈ ತೀರ ದಪ್ಪವಾಗದಿದ್ದರೂ ಈ ಜಗ್ಗದ ಗುಣ ಬೇಗ ಬರುತ್ತದೆ. ಇದೇ ಊರಿನಲ್ಲಿ ಶುದ್ಧಿಯಾದ ಇನ್ಸುಲಿನ್ನೇ ನನ್ನ ಮನೆಯ ಹುಡುಗಿಯ ಮುಟ್ಟಿನ ಹಿಂದೆಯೂ ಇತ್ತೆಂದರೆ ನನಗೆ ಸೋಜಿಗ.

ಇದಕ್ಕೆ ವೈದ್ಯರು ಮೊದಲು ಹೇಳುವುದು ದಿನಚರಿಯನ್ನೇ. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಅಥವಾ ಅಂಥದೇ ವ್ಯಾಯಾಮ, ತೂಕ ಹೆಚ್ಚಿದ್ದರೆ ನೂರಕ್ಕೆ ಐದರಿಂದ ಹತ್ತು ಪಾಲು ಇಳಿಸುವುದು, ಸರಿಯಾದ ನಿದ್ರೆ. ಇಂಥದೇ ಊಟ ಮೇಲು ಎಂದು ಯಾರೂ ಸಾಬೀತು ಮಾಡಿಲ್ಲವಾದ್ದರಿಂದ ಸೊಪ್ಪಿನ ಹುಳಿ, ಹೆಸರುಬೇಳೆ ಕೋಸಂಬರಿ ಧಾರಾಳವಾಗಿ ನಡೆಯುತ್ತದೆ. ಅನ್ನದ ರಾಶಿ ಕಡಿಮೆಯಾಗಬೇಕು. ಕೆಲವರಿಗೆ ಮಾತ್ರೆಯೂ ಬೇಕು. ಬೇಕಾದಾಗ ನುಂಗುವುದರಲ್ಲಿ ಅವಮಾನವಿಲ್ಲ.

ಪೊಟ್ಟಣದ ವಿಷಯ ಮುಗಿಸಿಬಿಡುತ್ತೇನೆ. 2004ರಲ್ಲಿ ಬಾಸ್ಟನ್ ಕಡೆಯ ಅಂಗಡಿಗಳಿಂದ ತಂದ 70 ಆಯುರ್ವೇದ ಮದ್ದುಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಶಂಖಪಾಷಾಣ ಸಿಕ್ಕಿತು. 2011-12ರಲ್ಲಿ ನ್ಯೂಯಾರ್ಕಿನಲ್ಲಿ ಇಂಥ ಮದ್ದು ತಿಂದ 6 ಮಂದಿ ಗರ್ಭಿಣಿಯರ ರಕ್ತದಲ್ಲಿ ಸೀಸ ಏರಿತ್ತು. ನನ್ನ ಮಗಳ ರಕ್ತಪರೀಕ್ಷೆಯ ಫಲ ಬರುವವರೆಗೆ ನಾನು ನಿದ್ದೆ ಮಾಡಲಿಲ್ಲ. ಪುಣ್ಯಕ್ಕೆ ಏನೂ ಇರಲಿಲ್ಲ. ಕೆನಡದಲ್ಲಿ 2004ರಿಂದ ಇಂಥ ಮದ್ದುಗಳಿಗೆ ಸರ್ಕಾರದ ಪರವಾನಗಿ ಬೇಕು. ಪರವಾನಗಿ ಇದ್ದರೆ ಶೀಶೆಯ ಮೇಲೆ ಎನ್.ಪಿ.ಎನ್. ಎಂಬ ಎಂಟಂಕಿಯ ಸಂಖ್ಯೆ ಇರುತ್ತದೆ. ಅದಿಲ್ಲದ್ದನ್ನು ಕೊಳ್ಳಬೇಡಿ, ಏನು ತಿನ್ನುತ್ತಿದ್ದೀರೆಂದು ವೈದ್ಯರಿಗೆ ಮುಚ್ಚಿಡಬೇಡಿ. ವಿಷದ ಮೇಲೆ ಗ್ರಂಥ ಬರೆದ ಮಂಗರಾಜನ ನಾಡಿನವರಿಗೆ ಇಷ್ಟು ಎಚ್ಚರ ಸಾಲದೆ?

ಡಾ. ಅನುಪಮಾ ನಿರಂಜನ ಅವರು ‘ಕೇಳು ಕಿಶೋರಿ’ ಬರೆದದ್ದು ತಾಯಂದಿರು ಹೇಳಲು ಹಿಂಜರಿಯುತ್ತಿದ್ದುದನ್ನು ಹೆಣ್ಣುಮಕ್ಕಳಿಗೆ ತಿಳಿಸುವುದಕ್ಕಾಗಿ. ಹಡಗು, ವಿಮಾನ ಹತ್ತಿ ಬಂದ ನಾವು ಪೆಟ್ಟಿಗೆಯಲ್ಲಿ ಅಜ್ಜಿಯ ಬೇರನ್ನು ತಂದೆವು; ಅಜ್ಜಿಯ ನಡಿಗೆ, ಅಜ್ಜಿಯ ನಿದ್ರೆ, ಬಾಣಂತಿಯ ಸುತ್ತ ಕೂರುತ್ತಿದ್ದ ನಾಲ್ಕು ಹೆಂಗಸರನ್ನು ತರಲಾಗಲಿಲ್ಲ. ಅದನ್ನು ಇಲ್ಲಿಯೇ ಕಟ್ಟಿಕೊಳ್ಳಬೇಕು.

ಈ ಚಳಿಗಾಲ ನಾನೂ ಮಗಳೂ ಶನಿವಾರ ಬೆಳಿಗ್ಗೆ ಯಾರ್ಕ್‌ಡೇಲ್ ಮಳಿಗೆಗಳ ಒಳಗೆ ಸುತ್ತು ಹಾಕುತ್ತೇವೆ; ಹೊರಗೆ ಎಷ್ಟು ಹಿಮ ಬಿದ್ದರೂ ಒಳಗೆ ನಡೆಯಬಹುದು. ಕಳೆದ ವಾರ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. “ನಾನು ಅದನ್ನೇ ಅಲ್ಲವೇನೇ ಹೇಳ್ತಿದ್ದದ್ದು, ಸುಮ್ಮನೆ ಕೂತಿರಬೇಡ್ರಿ ಅಂತ?” ಎಂದರು. ಹೌದು, ಅದನ್ನೂ ಹೇಳುತ್ತಿದ್ದರು. ನಾನು ಕೇಳಿಸಿಕೊಂಡದ್ದು ಪುಡಿಯ ಮಾತನ್ನು ಮಾತ್ರ. ಬಳಗದ ಹೆಂಗಸರು ಯಾರು ಬಂದರೂ ಜೊತೆಗೆ ನಡೆಯೋಣ. ಗಂಡಸರು ಆ ಹೊತ್ತಿಗೆ ಮನೆಯಲ್ಲಿ ಹುಳಿ ಮಾಡಿಟ್ಟರೆ ಇನ್ನೂ ಸಂತೋಷ.