ಗಾಳಿಯನ್ನು ಓದಲು ಹೊರಟ ಬಿಳಿ ಬೆಳಕು

ಕತ್ತಲಲ್ಲಿ ಟಾರ್ಚ್ ಹಾಕಿದಾಗ ಬೆಳಕಿನ ಕೋಲಿನಲ್ಲಿ ದೂಳಿನ ಕಣಗಳು ಮಿನುಗುವುದನ್ನು ನೋಡದವರಿಲ್ಲ. ಹೀಗೆ ಚದುರಿ ಮರಳುವ ಬೆಳಕಿನಿಂದ ಎತ್ತರದ ಗಾಳಿಯ ಸಾಂದ್ರತೆಯನ್ನು ಅಳೆಯಬಹುದೆಂದು ಐರ್ಲೆಂಡಿನ ಇ. ಎಚ್. ಸಿಂಜ್ 1930ರಲ್ಲೇ ಸೂಚಿಸಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಸರ್ಚ್‌ಲೈಟ್. 1960ರಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ತಯಾರಿಸಿದ ಮೇಲೆ ಕೆಲಸ ಸುಲಭವಾಯಿತು. 1963ರಲ್ಲಿ ಅಮೆರಿಕದ ಎಂ.ಐ.ಟಿ.ಯ ಫಿಯೊಕ್ಕೊ ಮತ್ತು ಸ್ಮಲಿನ್ ಲೇಸರ್ ಮಿಡಿತಗಳನ್ನು ಆಕಾಶಕ್ಕೆ ಹಾರಿಸಿ, ಪ್ರತಿಧ್ವನಿಯಂತೆ ಮರಳಿದ ಬೆಳಕನ್ನು ಹಿಡಿದರು. ಈ ವಿಧಾನಕ್ಕೆ ಲಿಡಾರ್ ಎಂದು ಹೆಸರು.

ಪ್ರತಿಯೊಂದು ಅನಿಲವೂ ತನಗೆ ಬೇಕಾದ ಬಣ್ಣಗಳ ಬೆಳಕನ್ನಷ್ಟೇ ನುಂಗುತ್ತದೆ. ಒಂದು ಅನಿಲ ನುಂಗುವ ಬಣ್ಣವನ್ನೂ ನುಂಗದ ಬಣ್ಣವನ್ನೂ ಒಟ್ಟಿಗೆ ಕಳುಹಿಸಿ, ಮರಳಿ ಬಂದದ್ದನ್ನು ಹೋಲಿಸಿದರೆ ಗಾಳಿಯಲ್ಲಿ ಆ ಅನಿಲ ಎಷ್ಟಿದೆ ಎಂಬುದು ತಿಳಿಯುತ್ತದೆ. ಓಜೋನ್, ಗಂಧಕದ ಡೈಆಕ್ಸೈಡ್ ಮುಂತಾದವನ್ನು ಹೀಗೆ ಅಳೆಯಲಾಗುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಯಾವುದನ್ನು ಹುಡುಕಬೇಕೆಂಬುದು ಮೊದಲೇ ಗೊತ್ತಿರಬೇಕು. ಕೈಯಲ್ಲಿ ಒಬ್ಬನ ಫೋಟೊ ಹಿಡಿದು ಜಾತ್ರೆಗೆ ಹೋದ ಪೊಲೀಸ್ ಪೇದೆಯಂತೆ, ಈ ಲಿಡಾರ್ ಪಕ್ಕದಲ್ಲೇ ನಿಂತ ಬೇರೆ ಕಳ್ಳನನ್ನು ಕಾಣದು. ಕಾರ್ಖಾನೆಯಿಂದ ಯಾರೂ ಎಣಿಸದ ವಿಷ ಹೊರಬಿದ್ದರೆ ಕಿರಣ ಅದನ್ನು ದಾಟಿ ಹೋಗಿಬಿಡುತ್ತದೆ. ಎಲ್ಲ ಬಣ್ಣಗಳೂ ಇರುವ ಬಿಳಿ ಬೆಳಕೇ ಇದಕ್ಕೆ ಮದ್ದು. ಆದರೆ ದೀಪದ ಬಿಳಿ ಬೆಳಕು ಕಿಲೋಮೀಟರುಗಟ್ಟಲೆ ಹೋಗುವಷ್ಟರಲ್ಲಿ ಹರಡಿ ತೆಳುವಾಗುತ್ತದೆ.

ಪರಿಹಾರ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಭಾಗ ಮಾಡಿದರೆ ಸಿಗುವ ಒಂದು ಭಾಗವೇ ಫೆಮ್ಟೊಸೆಕೆಂಡ್. ಇಷ್ಟು ಕಿರಿದಾದ ಲೇಸರ್ ಮಿಡಿತವನ್ನು ಬಲಪಡಿಸಹೊರಟರೆ ಅದು ಯಂತ್ರದೊಳಗಿನ ಹರಳನ್ನೇ ಸುಟ್ಟುಬಿಡುತ್ತಿತ್ತು. 1985ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಜೆರಾರ್ಡ್ ಮೂರು ಮತ್ತು ಅವರ ಸಂಶೋಧನಾ ವಿದ್ಯಾರ್ಥಿನಿ ಡೊನಾ ಸ್ಟ್ರಿಕ್‌ಲ್ಯಾಂಡ್ ಇದಕ್ಕೆ ಉಪಾಯ ಕಂಡುಕೊಂಡರು. ಗುಂಪನ್ನು ಸಾಲಾಗಿ ನಿಲ್ಲಿಸಿ ಕಿರಿದಾದ ಬಾಗಿಲು ದಾಟಿಸಿ, ಆಚೆ ಮತ್ತೆ ಒಟ್ಟುಗೂಡಿಸಿದಂತೆ, ಮಿಡಿತವನ್ನು ಮೊದಲು ಹಿಗ್ಗಿಸಿ, ಬಲಪಡಿಸಿ, ಕೊನೆಗೆ ಕುಗ್ಗಿಸಿದರು. 2018ರ ಭೌತವಿಜ್ಞಾನದ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು.

ಇಂಥ ಬೆಳಕು ಗಾಳಿಯಲ್ಲಿ ಸುಮ್ಮನೆ ಸಾಗುವುದಿಲ್ಲ. ತೀವ್ರತೆ ಹೆಚ್ಚಿದಲ್ಲಿ ಗಾಳಿಯೇ ಮಸೂರವಾಗಿ ಕಿರಣವನ್ನು ಒಟ್ಟುಗೂಡಿಸುತ್ತದೆ. ಸ್ಕಾಟ್ಲೆಂಡಿನ ಜಾನ್ ಕೆರ್ 1875ರಲ್ಲಿ ಕಂಡ ಪರಿಣಾಮದ ಹತ್ತಿರದ ಬಂಧು ಇದು. ಕಿರಣ ತೀರಾ ಕಿರಿದಾದಾಗ ಅಣುಗಳಿಂದ ಎಲೆಕ್ಟ್ರಾನುಗಳು ಕಿತ್ತು ಬರುತ್ತವೆ. ಅವು ಬೆಳಕನ್ನು ಹೊರಕ್ಕೆ ಹರಡುತ್ತವೆ. ಈ ಹಗ್ಗಜಗ್ಗಾಟದಲ್ಲಿ ಕೂದಲೆಳೆಯಷ್ಟು ಸಪೂರವಾದ ಬೆಳಕಿನ ತಂತು ಹುಟ್ಟಿ ಉದ್ದಕ್ಕೆ ಸಾಗುತ್ತದೆ. ಮೂರು ಅವರ ತಂಡ ಮಿಷಿಗನ್‌ನಲ್ಲಿ ಇದನ್ನು 1995ರಲ್ಲಿ ವರದಿ ಮಾಡಿತು. ಹೊರಟಾಗ ಒಂದೇ ಬಣ್ಣದ ಸುತ್ತಮುತ್ತ ಇದ್ದ ಬೆಳಕು ತಂತುವಿನೊಳಗೆ ಬಿಳಿಯಾಗುತ್ತದೆ. ದೀಪವನ್ನು ದೂರಕ್ಕೆ ಹೊತ್ತೊಯ್ಯುವ ಬದಲು ದೂರದಲ್ಲೇ ಹಚ್ಚಿದಂತೆ!

ಇದನ್ನು ಬಯಲಿಗೆ ತಂದದ್ದು ಫ್ರಾನ್ಸ್ ಮತ್ತು ಜರ್ಮನಿ 1999ರಲ್ಲಿ ಕೂಡಿ ಆರಂಭಿಸಿದ ಟೆರಾಮೊಬೈಲ್. ಹಡಗಿಗೆ ಸರಕು ತುಂಬುವ ಕಂಟೇನರಿನೊಳಗೆ ಇಡೀ ಪ್ರಯೋಗಾಲಯವನ್ನು ಕೂರಿಸಲಾಗಿತ್ತು. ಒಂದು ಮಿಡಿತದ ಶಕ್ತಿ ಸಣ್ಣ ನಿಂಬೆಹಣ್ಣನ್ನು ಒಂದು ಮೀಟರ್ ಎತ್ತುವಷ್ಟೇ. ಆದರೆ ಅದು ಮುಗಿಯುವುದು ಸುಮಾರು 70 ಫೆಮ್ಟೊಸೆಕೆಂಡಿನಲ್ಲಿ. ಹಾಗಾಗಿ ಆ ಕ್ಷಣದ ಬಲ ಸುಮಾರು 5 ಲಕ್ಷ ಕೋಟಿ ವ್ಯಾಟ್! ಜರ್ಮನಿಯ ಯೇನಾ ಸಮೀಪದ ಟೌಟೆನ್‌ಬುರ್ಗ್ ವೀಕ್ಷಣಾಲಯದಲ್ಲಿ ಕಿರಣವನ್ನು ಆಕಾಶಕ್ಕೆ ಬಿಟ್ಟು, ಮರಳಿದ ಬಿಳಿ ಬೆಳಕನ್ನು 2 ಮೀಟರ್ ದೂರದರ್ಶಕದಲ್ಲಿ ಹಿಡಿದರು. ಅದರ ವರ್ಣಪಟಲದಲ್ಲಿ ಆಮ್ಲಜನಕ ಮತ್ತು ನೀರಾವಿಯ ಗುರುತುಗಳು ಒಟ್ಟಿಗೆ ಕಂಡವು. 2003ರಲ್ಲಿ 'ಸೈನ್ಸ್' ಪತ್ರಿಕೆ ಈ ವಿಧಾನದ ಬಗ್ಗೆ ಲೇಖನ ಪ್ರಕಟಿಸಿತು.

2001ರಲ್ಲಿ ಅಮೆರಿಕದಲ್ಲಿ ಅಂಚೆಯ ಮೂಲಕ ಬಂದ ಆಂಥ್ರಾಕ್ಸ್ ಐವರನ್ನು ಬಲಿ ತೆಗೆದುಕೊಂಡಿತ್ತು. ಕಣ್ಣಿಗೆ ಕಾಣದ ಜೀವಾಣುಗಳನ್ನು ಉಸಿರಾಡುವ ಮೊದಲೇ ಗುರುತಿಸುವುದು ಹೇಗೆ? ಟೆರಾಮೊಬೈಲ್ ತಂಡ ಜೀವಾಣುಗಳ ಬದಲಿಗೆ, ಅವುಗಳಲ್ಲೂ ಇರುವ ರೈಬೋಫ್ಲೇವಿನ್ ಬೆರೆಸಿದ ಸೂಕ್ಷ್ಮ ಹನಿಗಳನ್ನು ಸಿಂಪಡಿಸಿತು. 45 ಮೀಟರ್ ದೂರದಿಂದ ಲೇಸರ್ ತಗುಲಿದಾಗ ಆ ಹನಿಗಳು ಹೊಮ್ಮಿಸಿದ ಬೆಳಕು ಅವನ್ನು ಬರೀ ನೀರಿನ ಹನಿಗಳಿಂದ ಬೇರ್ಪಡಿಸಿ ತೋರಿಸಿತು. 2004ರ ಈ ಫಲಿತಾಂಶ ಆಶಾದಾಯಕವೇ ಸರಿ, ಆದರೆ ಊರ ಕಾವಲಿಗೆ 45 ಮೀಟರ್ ಏನೇನೂ ಸಾಲದು.

ಕಣ್ಣಿಗೆ ಅಪಾಯ, ವಿಮಾನಗಳ ಓಡಾಟ, ದುಬಾರಿ ಯಂತ್ರ - ಇವು ಬಲಿಷ್ಠ ಲೇಸರನ್ನು ಪ್ರಯೋಗದ ಮಟ್ಟದಲ್ಲೇ ಹಿಡಿದಿಟ್ಟವು. ದಿನಬಳಕೆಯತ್ತ ಮುಂದೆ ಸಾಗಿದ್ದು ಅದರ ಸೌಮ್ಯ ಸೋದರ. ಫೆಮ್ಟೊಸೆಕೆಂಡ್ ಮಿಡಿತಗಳ ಸರಣಿಯಿಂದ ಬಾಚಣಿಗೆಯ ಹಲ್ಲುಗಳಂತೆ ಸಮ ಅಂತರದ ಸಾವಿರಾರು ಬಣ್ಣಗಳನ್ನು ಪಡೆಯುವ ವಿದ್ಯೆಗಾಗಿ ಹಾಲ್ ಮತ್ತು ಹೆನ್ಶ್ 2005ರ ನೊಬೆಲ್‌ನಲ್ಲಿ ಪಾಲು ಪಡೆದರು. 2014ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಇಂಥ ಎರಡು ಬಾಚಣಿಗೆಗಳ ಬೆಳಕನ್ನು 2 ಕಿ.ಮೀ. ಬಯಲು ಗಾಳಿಯಲ್ಲಿ ಹಾಯಿಸಿ ಇಂಗಾಲದ ಡೈಆಕ್ಸೈಡ್, ಮೀಥೇನ್, ನೀರಾವಿಗಳನ್ನು ಒಮ್ಮೆಗೇ ಅಳೆದರು. 2018ರ ಹೊತ್ತಿಗೆ 1 ಕಿ.ಮೀ. ಆಚೆ ನಿಮಿಷಕ್ಕೆ ಕೆಲವೇ ಗ್ರಾಂ ಸೋರುವ ಮೀಥೇನ್ ಕೂಡ ಪತ್ತೆಯಾಗತೊಡಗಿತು. ಆದರೆ ಈ ಬೆಳಕು ಮರಳಬೇಕಾದರೆ ಎದುರಿನ ತುದಿಯಲ್ಲಿ ಕನ್ನಡಿ ನಿಲ್ಲಿಸಬೇಕು. ತೆರೆದ ಆಕಾಶದಲ್ಲಿ ಕನ್ನಡಿ ಹಿಡಿಯುವವರಿಲ್ಲ. ಅಲ್ಲಿಗೆ ಇಂದಿಗೂ ಬೇಕಾಗಿರುವುದು ಆ ಬಿಳಿ ತಂತುವೇ.