ಹದಿನೈದು ಪದಗಳ ಭಾಷೆ

ಬರಿಯ 15 ಪದಗಳಿಂದ ನಡೆಯುವ ಭಾಷೆಯೊಂದುಂಟು. ಒಂದರಿಂದ ಏಳರವರೆಗಿನ ಸಂಖ್ಯೆಗಳು. ಕಳಾವರ, ಡೈಮನ್, ಆಟೀನು, ಇಸ್ಪೀಟು ಎಂಬ ನಾಲ್ಕು ಜಾತಿಗಳು. ತುರುಫಿಲ್ಲದ ಆಟಕ್ಕೊಂದು ಹೆಸರು. ಪಾಸ್, ಡಬಲ್, ರೀಡಬಲ್. ಇಷ್ಟೇ ಅದರ ನಿಘಂಟು. ಬ್ರಿಜ್ ಆಟದಲ್ಲಿ ಎದುರುಬದುರಾಗಿ ಕುಳಿತ ಜೊತೆಗಾರರು ತಮ್ಮ 13 ಎಲೆಗಳ ಮರ್ಮವನ್ನು ಈ ಪದಗಳಲ್ಲಿಯೇ ಪರಸ್ಪರ ತಿಳಿಸಬೇಕು. ಧ್ವನಿಯ ಏರಿಳಿತವಾಗಲಿ ಹುಬ್ಬಿನ ಚಲನೆಯಾಗಲಿ ಸಲ್ಲದು. ಇಂಥ ಬಡ ಭಾಷೆಯನ್ನು ಕುರಿತು ನಡೆದ ದೀರ್ಘವಾದ ವಾದವೊಂದು, ಮಾತನ್ನು ಪ್ರೀತಿಸುವವರೆಲ್ಲ ಗಮನಿಸತಕ್ಕದ್ದೆಂದು ನಾನು ಭಾವಿಸುತ್ತೇನೆ.

ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ 1925ರಲ್ಲಿ, ಹಡಗಿನ ಪ್ರಯಾಣವೊಂದರಲ್ಲಿ, ಕಾಂಟ್ರಾಕ್ಟ್ ಬ್ರಿಜ್ಜಿನ ಅಂಕಪದ್ಧತಿಯನ್ನು ರೂಪಿಸಿದನು. ಆತನದೇ ಕೂಗಿನ ಕ್ರಮದಲ್ಲಿ ‘ಒಂದು ಕಳಾವರ’ ಎಂದರೆ ಕೈ ಬಲವಾಗಿದೆ ಎಂದರ್ಥ. ಕಳಾವರದ ಎಲೆಗಳಿಗೂ ಅದಕ್ಕೂ ಸಂಬಂಧವಿಲ್ಲ. ವಾಚ್ಯಾರ್ಥವು ಹಿಂದೆ ಸರಿದು ಸಂಕೇತಾರ್ಥವು ಮುಂದೆ ಬಂದಿತು. 1957ರಿಂದ 1969ರೊಳಗೆ ಹತ್ತು ಬಾರಿ ಬರ್ಮುಡಾ ಬೌಲ್ ಎಂಬ ವಿಶ್ವ ಪಾರಿತೋಷಕವನ್ನು ಗೆದ್ದ ಇಟಲಿಯ ತಂಡದವರು ಇಂಥ ಸಂಕೇತಗಳಲ್ಲಿ ನುರಿತವರು. ಇಂಗ್ಲೆಂಡಿನ ಟೆರೆನ್ಸ್ ರೀಸ್ ಮತ್ತು ಜೆರೆಮಿ ಫ್ಲಿಂಟ್ 1960ರ ದಶಕದಲ್ಲಿ ‘ಲಿಟ್ಲ್ ಮೇಜರ್’ ಎಂಬುದನ್ನು ಕಟ್ಟಿದರು. ಅದರಲ್ಲಿ ‘ಒಂದು ಕಳಾವರ’ ಎಂದರೆ ಆಟೀನು, ‘ಒಂದು ಡೈಮನ್’ ಎಂದರೆ ಇಸ್ಪೀಟು! ಕೃತಕ ಕೂಗುಗಳ ಹಾವಳಿಯನ್ನು ಪ್ರತಿಭಟಿಸಲು ಹುಟ್ಟಿದ ಪದ್ಧತಿಯೇ ಆ ಹಾವಳಿಗೆ ಹೊಸದೊಂದು ನಿದರ್ಶನವಾಯಿತು.

ಎಲ್ಲಕ್ಕಿಂತ ದಿಟ್ಟ ಹೆಜ್ಜೆಯನ್ನು ಇಟ್ಟವರು ಪೋಲೆಂಡಿನವರು. ವುಕಾಶ್ ಸ್ವಾವಿನ್ಸ್ಕಿ ಮೊದಲಾದವರು ರೂಪಿಸಿದ ಕ್ರಮದಲ್ಲಿ ‘ಪಾಸ್’ ಎಂಬ ಮೌನವೇ ಬಲದ ಘೋಷಣೆ. ಏನೂ ಇಲ್ಲದ ಕೈಯವನು ಮಾತನಾಡಲೇಬೇಕು. ಇದು ಬರಿಯ ಚೇಷ್ಟೆಯಲ್ಲ. ಹರಾಜಿನ ಕೂಗು ಮೇಲಕ್ಕೇ ಏರತಕ್ಕದ್ದು; ಒಟ್ಟು ಮೆಟ್ಟಲುಗಳು 35. ದುರ್ಬಲನು ಮೊದಲೇ ಕೂಗಿ ಕೆಲವು ಮೆಟ್ಟಲುಗಳನ್ನು ನುಂಗಿದರೆ, ಎದುರಾಳಿಗಳ ಸಂಭಾಷಣೆಗೆ ಅಷ್ಟು ಎಡೆ ಕಡಿಮೆಯಾಗುತ್ತದೆ.

ಗುಟ್ಟಿನ ಒಪ್ಪಂದವನ್ನು ಬ್ರಿಜ್ಜಿನ ಶಾಸನ ಎಂದೂ ಸಹಿಸದು. ಅರ್ಥವನ್ನು ಕೇಳುವ ಹಕ್ಕು ಎದುರಾಳಿಗೆ ಉಂಟು. ಆದರೆ ಅರ್ಥ ತಿಳಿದೊಡನೆ ಉತ್ತರ ಹೊಳೆಯುವುದೇ? ವರ್ಷಗಟ್ಟಲೆ ಸಾಧನೆ ಮಾಡಿದ ಜೋಡಿಗೆ, ಆ ಕ್ಷಣದಲ್ಲಿ ಮೊದಲ ಬಾರಿ ಆ ಭಾಷೆಯನ್ನು ಕೇಳಿದವರು ಸಮನಾಗಲಾರರು. ಪ್ರತಿಬಂಧಕ್ಕೆ ಇರುವ ನ್ಯಾಯವಾದ ಆಧಾರ ಇದು. ಇನ್ನೊಂದು ಪಕ್ಷವೂ ಹಗುರವಾದುದಲ್ಲ: ಅಸಾಮಾನ್ಯವೆಂದು ಹೆಸರಿಡುವ ಅಧಿಕಾರ ರೂಢಿಯನ್ನು ಬಲ್ಲವರ ಕೈಯಲ್ಲೇ ಇದ್ದರೆ, ಹೊಸಬನ ಪ್ರತಿಭೆಗೆ ಗತಿಯೇನು?

1958ರಲ್ಲಿ ಸ್ಥಾಪಿತವಾದ ವಿಶ್ವ ಬ್ರಿಜ್ ಒಕ್ಕೂಟವು ಮುಂದೆ ಪದ್ಧತಿಗಳನ್ನು ಬಣ್ಣಗಳಿಂದ ವಿಂಗಡಿಸಿತು. ಸಹಜವಾದವು ಹಸಿರು, ಬಲದ ಕಳಾವರದಂಥವು ನೀಲಿ, ಇತರ ಕೃತಕ ಪದ್ಧತಿಗಳು ಕೆಂಪು, ಬಲದ ಪಾಸಿನಂಥ ಅತಿ ವಿಚಿತ್ರಗಳು ಹಳದಿ. ಹಳದಿಗೆ ಪ್ರವೇಶವಿರುವುದು ಉನ್ನತ ಮಟ್ಟದ ದೀರ್ಘ ಪಂದ್ಯಗಳಿಗೆ ಮಾತ್ರ, ಅದೂ ವಿವರಗಳನ್ನು ಮುಂಚಿತವಾಗಿ ಒಪ್ಪಿಸಿದ ಮೇಲೆ. ವ್ಯಾಖ್ಯಾನವನ್ನು ಮೊದಲೇ ಕೊಟ್ಟು ಕಾವ್ಯವನ್ನು ಆಮೇಲೆ ಓದೆಂದು ಕವಿಗೆ ಹೇಳಿದಂತೆ.

ಈ ತೀರ್ಪು ವಿವೇಕದ್ದೆಂದೇ ನನ್ನ ಮತ. ಆದರೂ ವ್ಯಾಂಡರ್‌ಬಿಲ್ಟನ ಕಳಾವರವೂ ಒಂದು ಕಾಲಕ್ಕೆ ವಿಚಿತ್ರವೇ ಆಗಿತ್ತು; ಇಂದು ಅದಕ್ಕೆ ನೀಲಿಯ ಗೌರವ ಸಂದಿದೆ. ಎಲ್ಲರೂ ಬಲ್ಲ ಮಾತು ಆಗುವ ಮೊದಲು ಯಾವ ಮಾತೂ ಇಬ್ಬರ ನಡುವಿನ ಒಪ್ಪಂದವೇ. ಆ ಇಬ್ಬರಿಗೆ ಒಂದಿಷ್ಟು ಅಂಗಳವನ್ನು ಉಳಿಸಿಕೊಡದ ನಿಯಮವು ಆಟವನ್ನು ಕಾಯಬಹುದು, ಬೆಳೆಸಲಾರದು.