ಚಿಲಿಯ ಪೆಟ್ಲುಪ್ಪು ಕಲಿಸುವ ರಫ್ತಿನ ಪಾಠ

ರಸಾಯನವಿಜ್ಞಾನದ ಪುಸ್ತಕಗಳಲ್ಲಿ ‘ಚಿಲಿ ಪೆಟ್ಲುಪ್ಪು’ ಎಂಬ ಹೆಸರನ್ನು ನೀವು ನೋಡಿರಬಹುದು. ಅದು ಸೋಡಿಯಂ ನೈಟ್ರೇಟ್. ಅಂಥದೇ ಪುಸ್ತಕದ ಇನ್ನೊಂದು ಪುಟದಲ್ಲಿ ಅಮೋನಿಯ ತಯಾರಿಸುವ ಹೇಬರ್ ವಿಧಾನವಿರುತ್ತದೆ. ಪರೀಕ್ಷೆಯಲ್ಲಿ ಇವು ಎರಡು ಬೇರೆ ಪ್ರಶ್ನೆಗಳು. ಚರಿತ್ರೆಯಲ್ಲಿ ಹಾಗಲ್ಲ. ಎರಡನೆಯದು ಮೊದಲನೆಯದನ್ನು ಮಾರುಕಟ್ಟೆಯಿಂದ ಹೊರದೂಡಿತು. ಒಂದು ದೇಶದ ಬೊಕ್ಕಸವನ್ನೇ ಅಲುಗಾಡಿಸಿತು.

ಅಭಿವೃದ್ಧಿಶೀಲ ದೇಶವೊಂದರ ರಫ್ತನ್ನು ನಿರ್ಧರಿಸುವ ಅಂಶಗಳು ಯಾವುವು? ಅರ್ಥಶಾಸ್ತ್ರದ ಅಧ್ಯಾಪಕರನ್ನು ಕೇಳಿದರೆ ಬೆಲೆ, ತೆರಿಗೆ, ವಿನಿಮಯ ದರ ಎಂದು ಪಟ್ಟಿ ಮಾಡುತ್ತಾರೆ. ಚಿಲಿಯ ಕಥೆಯಲ್ಲಿ ಇವೆಲ್ಲವೂ ಇವೆ. ಪಟ್ಟಿಯ ಕೊನೆಗೆ ಬಂದು ನಾವು ಮರೆತುಬಿಡುವ ಇನ್ನೊಂದು ಅಂಶವೂ ಇದೆ.

ಹತ್ತು ಸೆಂಟಿನ ತೆರಿಗೆ

ದಕ್ಷಿಣ ಅಮೆರಿಕದ ಪಶ್ಚಿಮ ತೀರದಲ್ಲಿರುವ ಅಟಕಾಮ, ಜಗತ್ತಿನ ಅತ್ಯಂತ ಶುಷ್ಕ ಮರುಭೂಮಿಗಳಲ್ಲೊಂದು. ನೈಟ್ರೇಟ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಮಳೆ ಬೀಳುವ ನಾಡಿನಲ್ಲಿ ಅದು ಹೀಗೆ ಉಳಿಯುತ್ತಿರಲಿಲ್ಲ. ಅಟಕಾಮದಲ್ಲಿ ಮಳೆಯೇ ಇಲ್ಲದ್ದರಿಂದ ಲಕ್ಷಾಂತರ ವರ್ಷಗಳ ಸಂಚಯ ಹಾಗೆಯೇ ಉಳಿಯಿತು. ಯೂರೋಪಿನ ಹೊಲಗಳಿಗೆ ಅದು ಗೊಬ್ಬರ, ಅಲ್ಲಿನ ಸೈನ್ಯಗಳಿಗೆ ಸ್ಫೋಟಕದ ಕಚ್ಚಾವಸ್ತು.

1878ರಲ್ಲಿ ಬೊಲಿವಿಯ ತನ್ನ ನೆಲದಲ್ಲಿದ್ದ ಚಿಲಿಯ ಕಂಪೆನಿಯೊಂದರ ಮೇಲೆ, ಪ್ರತಿ ಕ್ವಿಂಟಲ್ ನೈಟ್ರೇಟಿಗೆ 10 ಸೆಂಟಿನ ರಫ್ತು ತೆರಿಗೆ ಹೇರಿತು. ವಿವಾದ ಬೆಳೆದು 1879ರಲ್ಲಿ ಯುದ್ಧವಾಯಿತು. ಪೆರು ಬೊಲಿವಿಯದ ಪಕ್ಷ ಸೇರಿತು. ಗೆದ್ದ ಚಿಲಿ ಇಡೀ ನೈಟ್ರೇಟ್ ಪ್ರದೇಶವನ್ನು ತನ್ನದಾಗಿಸಿಕೊಂಡಿತು. ಬೊಲಿವಿಯ ತನ್ನ ಸಮುದ್ರತೀರವನ್ನು ಕಳೆದುಕೊಂಡಿತು. ಇಂದಿಗೂ ಅದಕ್ಕೆ ಕಡಲಿಲ್ಲ.

ಆಮೇಲಿನ ನಾಲ್ಕು ದಶಕಗಳ ಕಾಲ ಚಿಲಿ ಸರ್ಕಾರದ ವರಮಾನದ ಸುಮಾರು ಅರ್ಧದಷ್ಟು ನೈಟ್ರೇಟ್ ರಫ್ತಿನ ಸುಂಕದಿಂದಲೇ ಬರುತ್ತಿತ್ತು. ರೈಲುಮಾರ್ಗ, ಬಂದರು, ಶಾಲೆಗಳಿಗೆ ಹಣ ಸಿಕ್ಕಿತು. ಜಗತ್ತಿನಲ್ಲಿ ಬೇರೆ ಮಾರಾಟಗಾರ ಇರಲಿಲ್ಲವಾದ್ದರಿಂದ ಸುಂಕದ ಭಾರವನ್ನು ಕೊಳ್ಳುವವರ ಮೇಲೆ ಹಾಕುವುದು ಸಾಧ್ಯವಾಯಿತು.

ವಿನಿಮಯ ದರದ ತಕ್ಕಡಿ

ಗಣಿಯ ಮಾಲೀಕನಿಗೆ ನೈಟ್ರೇಟಿನ ಬೆಲೆ ಪೌಂಡಿನಲ್ಲಿ ಸಿಗುತ್ತದೆ, ಕೂಲಿಯನ್ನು ಆತ ಪೆಸೊದಲ್ಲಿ ಕೊಡುತ್ತಾನೆ ಎಂದುಕೊಳ್ಳಿ. ಪೆಸೊವಿನ ಬೆಲೆ ಕುಸಿದರೆ ಏನಾಗುತ್ತದೆ? ಅದೇ ಒಂದು ಪೌಂಡಿಗೆ ಹೆಚ್ಚು ಪೆಸೊ ಬರುತ್ತದೆ, ರಫ್ತುದಾರನಿಗೆ ಲಾಭ. ಆದರೆ ಮರುಭೂಮಿಯಲ್ಲಿ ಅಕ್ಕಿಬೇಳೆಯಿಂದ ಹಿಡಿದು ಎಲ್ಲವೂ ಹೊರಗಿನಿಂದ ಬರಬೇಕು. ಅವುಗಳ ಬೆಲೆ ಏರಿ ಕೂಲಿಕಾರನ ಗಂಜಿಗೆ ಕುತ್ತು ಬರುತ್ತದೆ. 1907ರ ಡಿಸೆಂಬರಿನಲ್ಲಿ ಇಕೀಕೆ ಬಂದರಿನಲ್ಲಿ ನೆರೆದ ಸಾವಿರಾರು ಕಾರ್ಮಿಕರ ಒಂದು ಮುಖ್ಯ ಬೇಡಿಕೆ, ಪೆಸೊ ಒಂದಕ್ಕೆ 18 ಪೆನ್ಸಿನ ದರದಲ್ಲಿ ಕೂಲಿ ಲೆಕ್ಕ ಹಾಕಬೇಕು ಎಂಬುದಾಗಿತ್ತು. ಅವರು ತಂಗಿದ್ದ ಶಾಲೆಯ ಮೇಲೆ ಸೈನ್ಯ ಗುಂಡು ಹಾರಿಸಿತು; ಅನೇಕರು ಸತ್ತರು. ರಫ್ತಿಗೆ ಹಿತವಾದ ದರ ಎಲ್ಲರಿಗೂ ಹಿತವಾಗಿರಬೇಕೆಂದಿಲ್ಲ.

ಪ್ರಯೋಗಾಲಯದ ಕೆಲವು ಹನಿಗಳು

ಭೌತವಿಜ್ಞಾನಿಗಳಿಗೆ ಕ್ಯಾಥೋಡ್ ಕಿರಣಗಳ ಮೂಲಕ ಪರಿಚಿತರಾದ ವಿಲಿಯಂ ಕ್ರೂಕ್ಸ್ 1898ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ಅಧ್ಯಕ್ಷ ಭಾಷಣದಲ್ಲಿ ಒಂದು ಎಚ್ಚರಿಕೆ ನೀಡಿದರು: ಚಿಲಿಯ ನಿಕ್ಷೇಪ ಮುಗಿದುಹೋಗುವುದು, ಗಾಳಿಯಲ್ಲಿರುವ ನೈಟ್ರೋಜನನ್ನು (ಸಾರಜನಕ) ಸಂಯುಕ್ತವಾಗಿಸುವ ದಾರಿಯನ್ನು ರಸಾಯನವಿಜ್ಞಾನಿಗಳು ಹುಡುಕಬೇಕು. ಇದು ಚಿಲಿಗೂ ಎಚ್ಚರಿಕೆಯಾಗಬೇಕಿತ್ತು. ಗಿರಾಕಿಗಳು ಬದಲಿ ಹುಡುಕುತ್ತಿದ್ದಾರೆ ಎಂಬ ಸೂಚನೆ ಅದರಲ್ಲಿತ್ತು.

1909ರಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ ಅಧಿಕ ಒತ್ತಡದಲ್ಲಿ ನೈಟ್ರೋಜನ್ ಮತ್ತು ಹೈಡ್ರೋಜನ್‌ಗಳನ್ನು ಸಂಯೋಜಿಸಿ ದ್ರವ ಅಮೋನಿಯದ ಹನಿಗಳನ್ನು ತೋರಿಸಿದರು. ಕಾರ್ಲ್ ಬಾಶ್ ಆ ಪ್ರಯೋಗವನ್ನು ಕಾರ್ಖಾನೆಯ ಮಟ್ಟಕ್ಕೆ ತಂದರು. ಅಗ್ಗದ ಕ್ರಿಯಾವರ್ಧಕಕ್ಕಾಗಿ ಸಾವಿರಾರು ಪರೀಕ್ಷೆಗಳು ನಡೆದವು. 1913ರಲ್ಲಿ ಓಪ್ಪೌ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅದೇ ವರ್ಷ ಚಿಲಿ ರಫ್ತು ಮಾಡಿದ ನೈಟ್ರೇಟ್ ಸುಮಾರು 27 ಲಕ್ಷ ಟನ್. ಸಮೃದ್ಧಿ ಮತ್ತು ಇಳಿಜಾರಿನ ಆರಂಭ ಒಂದೇ ವರ್ಷದಲ್ಲಿದ್ದವು!

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ನೌಕಾ ದಿಗ್ಬಂಧನದಿಂದ ಜರ್ಮನಿಗೆ ಚಿಲಿಯ ಸರಕು ತಲಪಲಿಲ್ಲ. ಅದು ಕೃತಕ ನೈಟ್ರೇಟನ್ನೇ ನೆಚ್ಚಿತು. ಯುದ್ಧಾನಂತರ ಬೇರೆ ದೇಶಗಳೂ ಇದೇ ಬಗೆಯ ಕಾರ್ಖಾನೆಗಳನ್ನು ಕಟ್ಟಿದವು. ಬೆಲೆ ಇಳಿಯಿತು. ಚಿಲಿ ಸುಂಕ ಇಳಿಸಿದರೆ ಬೊಕ್ಕಸ ಬರಿದು, ಇಳಿಸದಿದ್ದರೆ ಮಾಲು ಮಾರಾಟವಾಗದು. ಇಷ್ಟರಲ್ಲಿ ಜಾಗತಿಕ ಮಹಾಕುಸಿತ ಬಂತು. 1929 ಮತ್ತು 1932ರ ನಡುವೆ ಚಿಲಿಯ ರಫ್ತಿನ ಮೌಲ್ಯ ಶೇ. 80ಕ್ಕಿಂತ ಹೆಚ್ಚು ಕುಸಿಯಿತು. ಗಣಿಕೆಲಸಗಾರರು ಕೆಲಸ ಕಳೆದುಕೊಂಡು ಸಂಸಾರಸಮೇತ ದಕ್ಷಿಣಕ್ಕೆ ಗುಳೆ ಹೋದರು. ಅವರ ಊರುಗಳಲ್ಲೊಂದಾದ ಹಂಬರ್‌ಸ್ಟೋನ್ ಇಂದು ನಿರ್ಜನ. 2005ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಮರೆತ ಅಂಶ

ಕ್ರೂಕ್ಸ್ ಭಯಪಟ್ಟಂತೆ ನಿಕ್ಷೇಪವೇನೂ ಮುಗಿಯಲಿಲ್ಲ. ನೈಟ್ರೇಟ್ ನೆಲದಲ್ಲೇ ಇತ್ತು, ಅದರ ಬೆಲೆ ಮಾತ್ರ ಹೋಯಿತು. ಒಂದು ಪದಾರ್ಥದ ಬೆಲೆಯನ್ನು ಬದಲಿಸಬಲ್ಲ ಜ್ಞಾನ ಇನ್ನೊಂದು ದೇಶದ ಪ್ರಯೋಗಾಲಯದಲ್ಲಿ ಬೆಳೆಯುತ್ತಿದ್ದಾಗ, ಚಿಲಿ ಸುಂಕದ ಹಣವನ್ನು ಎಣಿಸುತ್ತಿತ್ತು. ಹೇಬರನನ್ನು ತಡೆಯುವುದು ಅದಕ್ಕೆ ಸಾಧ್ಯವಿರಲಿಲ್ಲ, ನಿಜ. ಆದರೆ ಒಂದೇ ಕಂಬದ ಮೇಲೆ ಮನೆ ಕಟ್ಟದಿರುವುದು ಸಾಧ್ಯವಿತ್ತು.

ಚಿಲಿ ಈ ಪಾಠವನ್ನು ನಿಧಾನವಾಗಿ ಕಲಿಯಿತು. ನೈಟ್ರೇಟಿನ ಜಾಗಕ್ಕೆ ತಾಮ್ರ ಬಂತು. ಅದೂ ಒಂಟಿ ಕಂಬವೇ. 1979ರಿಂದ 1982ರವರೆಗೆ ಡಾಲರಿಗೆ 39 ಪೆಸೊ ಎಂದು ದರವನ್ನು ಬಿಗಿಹಿಡಿದಾಗ ದೇಶದೊಳಗಿನ ಬೆಲೆಗಳು ಏರುತ್ತಲೇ ಇದ್ದವು. ಈ ಬಾರಿ ಪೆಟ್ಟು ಬಿದ್ದುದು ರಫ್ತುದಾರರಿಗೆ. ದರ ಸಡಿಲಿಸಿದ ಮೇಲೆ ಹಣ್ಣು, ದ್ರಾಕ್ಷಾರಸ, ಮೀನು ಹೊರದೇಶಗಳಿಗೆ ಹೋದವು. ಸಾಮನ್ ಮೀನು ದಕ್ಷಿಣಾರ್ಧಗೋಳದ್ದಲ್ಲ. ಆದರೂ ಅದರ ಸಾಕಣೆಯಲ್ಲಿ ಚಿಲಿ ನಾರ್ವೆಯ ನಂತರದ ಸ್ಥಾನಕ್ಕೇರಿತು. ಇದರ ಹಿಂದೆ, ಹೊರಗಿನ ತಂತ್ರಜ್ಞಾನವನ್ನು ತಂದು ಒಗ್ಗಿಸಲೆಂದೇ 1976ರಲ್ಲಿ ಸ್ಥಾಪಿಸಿದ ‘ಫುಂಡಾಸಿಯೊನ್ ಚಿಲಿ’ ಎಂಬ ಸಂಸ್ಥೆಯ ದುಡಿಮೆಯೂ ಇದೆ.

ಈಗ ಅದೇ ಅಟಕಾಮದ ಉಪ್ಪುನೀರಿನಿಂದ ಬ್ಯಾಟರಿಗಳಿಗೆ ಬೇಕಾದ ಲಿಥಿಯಂ ಬರುತ್ತಿದೆ. ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ಲಿಥಿಯಂ ಬದಲು ಸೋಡಿಯಂ ಬಳಸುವ ಬ್ಯಾಟರಿಗಳ ಸಂಶೋಧನೆಯೂ ಸಾಗಿದೆ. ಹಳೆಯ ಕಥೆ ನೆನಪಾಗುತ್ತದಲ್ಲವೆ?

ಅಧ್ಯಾಪಕ ಮಿತ್ರರೇ, ಮುಂದಿನ ಬಾರಿ ಹೇಬರ್ ವಿಧಾನದ ಸಮೀಕರಣವನ್ನು ಹಲಗೆಯ ಮೇಲೆ ಬರೆದಾಗ, ಅದರ ಪಕ್ಕದಲ್ಲಿ ಚಿಲಿಯ ಒಂದು ಪುಟ್ಟ ನಕ್ಷೆಯನ್ನೂ ಬರೆಯಿರಿ. ಆ ಬಾಣದ ಗುರುತಿನ ಬಲಗಡೆ ಅಮೋನಿಯವಷ್ಟೇ ಅಲ್ಲ, ಕೆಲಸ ಕಳೆದುಕೊಂಡ ಊರುಗಳೂ ಇವೆ ಎಂದು ವಿದ್ಯಾರ್ಥಿಗಳಿಗೆ ತಿಳಿಯಲಿ.